ಉತ್ತರ ಕೆಟ್ಟದ್ದು ಎಲ್ಲಿ? ಎರಡು ಆಯಾಮದ ಡಿಕ್ಕಿ ಲೆಕ್ಕಗಳ ದೋಷ ನಿವಾರಣೆ

ಎರಡು ಆಯಾಮದ ಡಿಕ್ಕಿಯ ಲೆಕ್ಕ ತಪ್ಪಿದವರನ್ನು ಕರೆದು ಸಂವೇಗ ಸಂರಕ್ಷಣೆಯ ನಿಯಮ ಹೇಳಿ ಎಂದರೆ, ಹೊರಗಿನ ಬಲವಿಲ್ಲದಿದ್ದರೆ ಒಟ್ಟು ಸಂವೇಗ (ದ್ರವ್ಯರಾಶಿ × ವೇಗ) ಬದಲಾಗುವುದಿಲ್ಲ ಎಂದು ತಡವರಿಸದೆ ಒಪ್ಪಿಸುತ್ತಾರೆ. ನಿಯಮ ಗೊತ್ತಿಲ್ಲದೆ ಈ ಲೆಕ್ಕ ತಪ್ಪುವವರು ತೀರ ಕಡಿಮೆ. ನಾನು ತಿದ್ದಿದ ಉತ್ತರಗಳಲ್ಲಿ ತಪ್ಪು ಅಡಗಿ ಕೂತಿರುತ್ತಿದ್ದದ್ದು ಬೇರೆ ಕಡೆ: ಬಿಡಿಸದೇ ಬಿಟ್ಟ ಚಿತ್ರದಲ್ಲಿ, ಒಂದು ಋಣ ಚಿಹ್ನೆಯಲ್ಲಿ, ವರ್ಗ ಮಾಡುವಾಗ ಉದುರಿಹೋದ ಒಂದು ಪದದಲ್ಲಿ, ಇಲ್ಲವೇ ಪ್ರಶ್ನೆ ಹೇಳದೇ ಇದ್ದುದನ್ನು ತಾವೇ ಊಹಿಸಿಕೊಂಡದ್ದರಲ್ಲಿ. ಆದ್ದರಿಂದ ಉತ್ತರ ಹೊಂದದಿದ್ದಾಗ ಇಡೀ ಲೆಕ್ಕವನ್ನು ಮೊದಲಿನಿಂದ ಮಾಡಲು ಕೂರಬೇಡಿ. ಹಾಗೆ ಮಾಡಿದರೆ ಅದೇ ತಪ್ಪು ಅದೇ ಜಾಗದಲ್ಲಿ ಎರಡನೇ ಸಲ ಆಗುತ್ತದೆ, ಅಷ್ಟೆ. ಬಂದಿರುವ ತಪ್ಪು ಉತ್ತರವನ್ನೇ ದಿಟ್ಟಿಸಿ ನೋಡಿ. ಅದು ಎಷ್ಟು ತಪ್ಪಿದೆ, ಯಾವ ಕಡೆಗೆ ತಪ್ಪಿದೆ ಎನ್ನುವುದರಲ್ಲೇ ಕಾರಣದ ಸುಳಿವು ಇರುತ್ತದೆ.

ಒಂದು ಮಾತು ಮೊದಲೇ. ಇಲ್ಲಿ ‘ಜವ’ ಎಂದರೆ ಬರೀ ಪರಿಮಾಣ, ‘ವೇಗ’ ಎಂದರೆ ದಿಕ್ಕೂ ಸೇರಿದ್ದು. ಕೆಳಗಿನ ತಪ್ಪುಗಳಲ್ಲಿ ಅರ್ಧದಷ್ಟು ಈ ಎರಡನ್ನು ಕಲಸಿಕೊಂಡದ್ದರಿಂದಲೇ ಹುಟ್ಟುತ್ತವೆ.

ಲಕ್ಷಣ: ಅಂತಿಮ ಜವ ಹೆಚ್ಚು ಬಂದಿದೆ

1200 ಕೆ.ಜಿ.ಯ ಕಾರು ಪೂರ್ವಕ್ಕೆ 20 ಮೀ/ಸೆ ಜವದಲ್ಲಿ ಬರುತ್ತಿದೆ. 1800 ಕೆ.ಜಿ.ಯ ವ್ಯಾನು ಉತ್ತರಕ್ಕೆ 10 ಮೀ/ಸೆ ಜವದಲ್ಲಿ ಬರುತ್ತಿದೆ. ಅಡ್ಡರಸ್ತೆಯಲ್ಲಿ ಡಿಕ್ಕಿಯಾಗಿ ಎರಡೂ ಅಂಟಿಕೊಂಡು ಚಲಿಸುತ್ತವೆ. ಎಷ್ಟು ಜವದಲ್ಲಿ?

ಸರಿಯಾದ ಉತ್ತರ 10 ಮೀ/ಸೆ. ಪೂರ್ವ ದಿಕ್ಕಿನ ಸಂವೇಗ 24000, ಉತ್ತರ ದಿಕ್ಕಿನದು 18000 ಕೆ.ಜಿ.ಮೀ/ಸೆ. ಇವೆರಡೂ ಲಂಬವಾಗಿರುವುದರಿಂದ ಒಟ್ಟು ಸಂವೇಗ 30000. ಅದನ್ನು 3000 ಕೆ.ಜಿ.ಯಿಂದ ಭಾಗಿಸಿದರೆ 10. ದಿಕ್ಕು ಪೂರ್ವದಿಂದ ಉತ್ತರದ ಕಡೆಗೆ 36.9°.

ನಿಮಗೆ 14 ಬಂದಿದ್ದರೆ ಕಾರಣ ಒಂದೇ: 24000 ಮತ್ತು 18000 ಎರಡನ್ನೂ ನೇರವಾಗಿ ಕೂಡಿಸಿದ್ದೀರಿ. ಸಂವೇಗ ಸದಿಶ, ಅಂದರೆ ದಿಕ್ಕೂ ಇರುವ ಪರಿಮಾಣ ಎಂದು ಬಾಯಲ್ಲಿ ಹೇಳುತ್ತಾ ಕೈಯಲ್ಲಿ ಅದನ್ನು ತೂಕದ ಹಾಗೆ ಕೂಡಿಸುವುದು ಇದು. ನಾಚಿಕೆಪಡಬೇಕಾಗಿಲ್ಲ, 1644ರಲ್ಲಿ ಡಿಕ್ಕಿಯ ನಿಯಮಗಳನ್ನು ಪ್ರಕಟಿಸಿದ ರೆನೆ ಡೆಕಾರ್ಟ್ ಕೂಡ ‘ಚಲನೆಯ ಪರಿಮಾಣ’ ಎಂದು ಕರೆದದ್ದರಲ್ಲಿ ದಿಕ್ಕನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವನ ನಿಯಮಗಳಲ್ಲಿ ಬಹುಪಾಲು ತಪ್ಪಾದವು. ದಿಕ್ಕನ್ನೂ ಸೇರಿಸಿ ಅದನ್ನು ಸರಿಪಡಿಸಿದ್ದು ಹೈಗನ್ಸ್ ಮತ್ತು ಅವನ ಸಮಕಾಲೀನರು.

ನಿಮಗೆ 14.8 ಬಂದಿದ್ದರೆ ಅದು ಬೇರೆ ರೋಗ. ಅಂಟಿಕೊಳ್ಳುವ ಡಿಕ್ಕಿಗೆ ಚಲನ ಶಕ್ತಿಯ ಸಂರಕ್ಷಣೆಯನ್ನು ಹಾಕಿದ್ದೀರಿ. ಡಿಕ್ಕಿಗೆ ಮುಂಚಿನ ಚಲನ ಶಕ್ತಿ 330000 ಜೂಲ್, ನಂತರದ್ದು 150000 ಜೂಲ್. ಅರ್ಧಕ್ಕಿಂತ ಹೆಚ್ಚು ಭಾಗ ತಗಡು ಮಡಚುವುದರಲ್ಲಿ, ಬಿಸಿಯಲ್ಲಿ, ಸದ್ದಿನಲ್ಲಿ ಹೋಗಿದೆ. ಪ್ರಶ್ನೆಯಲ್ಲಿ ‘ಸ್ಥಿತಿಸ್ಥಾಪಕ’ (ಒಟ್ಟು ಚಲನ ಶಕ್ತಿ ಹಾಗೇ ಉಳಿಯುವ ಡಿಕ್ಕಿ) ಎಂಬ ಪದವಿಲ್ಲದಿದ್ದರೆ ಶಕ್ತಿಯ ಸಮೀಕರಣವನ್ನು ಬರೆಯಲು ನಿಮಗೆ ಅಧಿಕಾರವಿಲ್ಲ.

ಇಲ್ಲಿ ಗಮನಿಸಬೇಕಾದದ್ದೊಂದಿದೆ. 14 ಎಂಬ ತಪ್ಪು ಉತ್ತರದಲ್ಲಿ ಚಲನ ಶಕ್ತಿ 294000 ಜೂಲ್ ಆಗುತ್ತದೆ, ಅಂದರೆ ಮುಂಚಿನದಕ್ಕಿಂತ ಕಡಿಮೆ. ಶಕ್ತಿ ಹೆಚ್ಚಾಗಲಿಲ್ಲ, ಹಾಗಾಗಿ ಉತ್ತರ ಸರಿ ಎಂದು ಸಮಾಧಾನಪಟ್ಟುಕೊಂಡರೆ ಮೋಸಹೋಗುತ್ತೀರಿ. ಈ ತಪ್ಪನ್ನು ಹಿಡಿಯುವುದು ಚಿತ್ರ ಮಾತ್ರ. 24 ಮಿ.ಮೀ. ಮತ್ತು 18 ಮಿ.ಮೀ. ಉದ್ದದ ಎರಡು ಬಾಣಗಳನ್ನು ಲಂಬವಾಗಿ, ಒಂದರ ತುದಿಗೆ ಇನ್ನೊಂದರ ಬಾಲ ತಾಗುವಂತೆ ಎಳೆದು ಮೂರನೇ ಬದಿಯನ್ನು ಅಳತೆಪಟ್ಟಿಯಿಂದ ಅಳೆದರೆ 30 ಸಿಗುತ್ತದೆ. 42 ಸಿಗಬೇಕಾದರೆ ಎರಡೂ ಬಾಣ ಒಂದೇ ದಿಕ್ಕಿನಲ್ಲಿ ಇರಬೇಕಿತ್ತು.

ಲಕ್ಷಣ: ಜವ ಸರಿ, ಕೋನ ತಪ್ಪು

ಇದಕ್ಕೆ ಕಾರಣಗಳು ಕೆಲವೇ, ಪ್ರತಿಯೊಂದಕ್ಕೂ ಅದರದೇ ಗುರುತಿದೆ.

ನಿಮ್ಮ ಕೋನವನ್ನೂ ಸರಿಯಾದ ಕೋನವನ್ನೂ ಕೂಡಿಸಿದರೆ 90° ಬರುತ್ತದೆಯೇ? ಉದಾಹರಣೆಗೆ 36.9° ಬದಲು 53.1°? ಹಾಗಿದ್ದರೆ ಸೈನ್ ಮತ್ತು ಕೊಸೈನ್ ಅದಲುಬದಲಾಗಿವೆ, ಅಥವಾ ಟ್ಯಾನ್ ತೆಗೆಯುವಾಗ ಭಿನ್ನರಾಶಿ ತಲೆಕೆಳಗಾಗಿದೆ. ‘ಎಕ್ಸ್‌ಗೆ ಕೊಸೈನ್, ವೈಗೆ ಸೈನ್’ ಎಂದು ಬಾಯಿಪಾಠ ಮಾಡಿಕೊಂಡವರು ಇಲ್ಲಿ ಬೀಳುತ್ತಾರೆ. ಕೋನವನ್ನು ಯಾವ ಅಕ್ಷದಿಂದ ಅಳೆದಿದ್ದಾರೋ ಆ ಅಕ್ಷದ ಘಟಕಕ್ಕೆ (ಬಾಣದಲ್ಲಿ ಆ ದಿಕ್ಕಿಗೆ ಸೇರಿದ ಪಾಲಿಗೆ) ಕೊಸೈನ್. ಪ್ರಶ್ನೆಯಲ್ಲಿ ‘ಉತ್ತರದಿಂದ ಪೂರ್ವಕ್ಕೆ 30°’ ಎಂದಿದ್ದರೆ ಕೊಸೈನ್ ಸಲ್ಲುವುದು ಉತ್ತರದ ಘಟಕಕ್ಕೆ.

ನಿಮ್ಮ ಕೋನಕ್ಕೂ ಸರಿಯಾದ ಕೋನಕ್ಕೂ 180° ವ್ಯತ್ಯಾಸವೇ? ಇದು ಕ್ಯಾಲ್ಕುಲೇಟರ್ ಮಾಡುವ ಮೋಸ. 1 ಕೆ.ಜಿ.ಯ ಚೆಂಡು 10 ಮೀ/ಸೆ ಜವದಲ್ಲಿ ಎಕ್ಸ್ ದಿಕ್ಕಿನಲ್ಲಿ ಹೋಗಿ ನಿಶ್ಚಲವಾಗಿದ್ದ 4 ಕೆ.ಜಿ.ಯ ಚೆಂಡಿಗೆ ಬಡಿಯಿತು. ಭಾರದ ಚೆಂಡು ಎಕ್ಸ್ ದಿಕ್ಕಿನಲ್ಲಿ 3.25, ವೈ ದಿಕ್ಕಿನಲ್ಲಿ −1 ಮೀ/ಸೆ ವೇಗ ಪಡೆಯಿತು ಎಂದುಕೊಳ್ಳಿ. ಆಗ ಹಗುರ ಚೆಂಡಿನ ಘಟಕಗಳು −3 ಮತ್ತು 4. ಅದು ಹಿಂದಕ್ಕೆ ಪುಟಿದಿದೆ. ಆದರೆ 4 ಭಾಗಿಸು −3 ಎಂದು ಕೊಟ್ಟು ಟ್ಯಾನ್‌ನ ವಿಲೋಮ ಕೇಳಿದರೆ ಕ್ಯಾಲ್ಕುಲೇಟರ್ −53.1° ಎನ್ನುತ್ತದೆ. ಅಂದರೆ ಮುಂದಕ್ಕೆ, ಕೆಳಕ್ಕೆ! ನಿಜವಾದ ದಿಕ್ಕು 126.9°. ಭಾಗಾಕಾರ ಮಾಡಿದ ಕೂಡಲೇ ಋಣ ಚಿಹ್ನೆ ಮೇಲಿತ್ತೋ ಕೆಳಗಿತ್ತೋ ಎಂಬ ಮಾಹಿತಿ ಅಳಿಸಿಹೋಗುತ್ತದೆ. ಯಂತ್ರಕ್ಕೆ ಅದು ಗೊತ್ತಾಗುವ ದಾರಿಯೇ ಇಲ್ಲ. ಘಟಕಗಳ ಚಿಹ್ನೆ ನೋಡಿ ಬಾಣ ಯಾವ ಪಾದದಲ್ಲಿದೆ (ಎರಡು ಅಕ್ಷಗಳು ಮಾಡುವ ನಾಲ್ಕು ಭಾಗಗಳಲ್ಲಿ ಯಾವುದರಲ್ಲಿದೆ) ಎಂದು ನೀವೇ ನಿರ್ಧರಿಸಬೇಕು.

ಇವೆರಡೂ ಅಲ್ಲದೆ ಕೋನ ಅರ್ಥವಿಲ್ಲದಂತೆ ಬಂದಿದ್ದರೆ ಸೈನ್ 30 ಒತ್ತಿ ನೋಡಿ. 0.5 ಬರಬೇಕು. −0.988 ಬಂದರೆ ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದೆ.

ಲಕ್ಷಣ: ವೈ ದಿಕ್ಕಿನ ಸಂವೇಗ ಹುಟ್ಟಿಕೊಂಡಿದೆ

ಚಲಿಸುವ ಚೆಂಡು ಎಕ್ಸ್ ಅಕ್ಷದ ಉದ್ದಕ್ಕೆ ಬಂದು ನಿಶ್ಚಲ ಚೆಂಡಿಗೆ ಬಡಿದರೆ ಮುಂಚೆ ವೈ ದಿಕ್ಕಿನ ಸಂವೇಗ ಸೊನ್ನೆ. ನಂತರವೂ ಸೊನ್ನೆಯೇ. ಆದ್ದರಿಂದ ಒಂದು ಮೇಲಕ್ಕೆ ಹೋದರೆ ಇನ್ನೊಂದು ಕೆಳಕ್ಕೆ ಹೋಗಲೇಬೇಕು. ನಿಮ್ಮ ಉತ್ತರದಲ್ಲಿ ಎರಡೂ ಮೇಲಕ್ಕೆ ಹೋಗುತ್ತಿದ್ದರೆ ಋಣ ಚಿಹ್ನೆ ಬಿಟ್ಟಿದ್ದೀರಿ, ಅಥವಾ ಎರಡು ಸಲ ಹಾಕಿದ್ದೀರಿ. ಎರಡನೆಯದೇ ಹೆಚ್ಚು: ಸಮೀಕರಣದಲ್ಲಿ ಕಳೆಯುವ ಚಿಹ್ನೆ ಬರೆದು, ಆಮೇಲೆ ಕೋನವನ್ನೂ −40° ಎಂದು ತುಂಬುವುದು. ಋಣ ಚಿಹ್ನೆ ಸಮೀಕರಣದಲ್ಲಿರಲಿ ಇಲ್ಲವೇ ಕೋನದಲ್ಲಿರಲಿ, ಎರಡೂ ಕಡೆ ಬೇಡ.

ಲಕ್ಷಣ: ವರ್ಗಮೂಲದೊಳಗೆ ಋಣ ಸಂಖ್ಯೆ

ನನಗೆ ತುಂಬ ಇಷ್ಟವಾದ ದೋಷ ಇದು. ಒಂದೇ ಲಕ್ಷಣ, ಎರಡು ಬೇರೆಬೇರೆ ಕಾರಣ; ಒಂದು ನಿಮ್ಮ ತಪ್ಪು, ಇನ್ನೊಂದು ಪ್ರಕೃತಿಯ ನಿರಾಕರಣೆ.

2 ಕೆ.ಜಿ.ಯ ಗೋಳ 10 ಮೀ/ಸೆ ಜವದಲ್ಲಿ ಬಂದು ನಿಶ್ಚಲವಾಗಿರುವ 1 ಕೆ.ಜಿ.ಯ ಗೋಳಕ್ಕೆ ಬಡಿಯುತ್ತದೆ. ಡಿಕ್ಕಿ ಸ್ಥಿತಿಸ್ಥಾಪಕ. ಭಾರದ ಗೋಳ ತನ್ನ ದಾರಿಯಿಂದ ಒಂದು ಗೊತ್ತಾದ ಕೋನಕ್ಕೆ ತಿರುಗುತ್ತದೆ. ಅದರ ಅಂತಿಮ ಜವ ‘ವ’ ಎಷ್ಟು?

ಹಗುರ ಗೋಳದ ಜವವೂ ಕೋನವೂ ಗೊತ್ತಿಲ್ಲ. ಅವುಗಳಿರುವ ಪದಗಳನ್ನು ಒಂದು ಬದಿಗೆ ತಂದು, ಉಳಿದದ್ದನ್ನೆಲ್ಲ ಇನ್ನೊಂದು ಬದಿಗೆ ಕಳುಹಿಸಿ, ಎಕ್ಸ್ ಮತ್ತು ವೈ ದಿಕ್ಕಿನ ಸಂವೇಗದ ಎರಡೂ ಸಮೀಕರಣಗಳನ್ನು ವರ್ಗ ಮಾಡಿ ಕೂಡಿಸಬೇಕು. ಆಗ ಗೊತ್ತಿಲ್ಲದ ಕೋನ ತಾನಾಗಿ ಮಾಯವಾಗುತ್ತದೆ. ಶಕ್ತಿಯ ಸಮೀಕರಣವನ್ನು ಅದರ ಜೊತೆ ಸೇರಿಸಿದರೆ ಉಳಿಯುವುದು:

3ವ² − 40ವ × ಕೊಸೈನ್(ಕೋನ) + 100 = 0

ನಿಮ್ಮ ಹಾಳೆಯಲ್ಲಿ ನಡುವಿನ ಪದವೇ ಇಲ್ಲದೆ 3ವ² + 100 = 0 ಎಂದಿದ್ದರೆ ವರ್ಗ ಮಾಡುವಾಗ ಅಡ್ಡಪದ ಉದುರಿದೆ. ಎರಡು ಪದಗಳ ವ್ಯತ್ಯಾಸದ ವರ್ಗವನ್ನು ಎರಡು ವರ್ಗಗಳ ಮೊತ್ತದಂತೆ ಬರೆದುಬಿಟ್ಟಿದ್ದೀರಿ. ಆಗ ಯಾವ ಕೋನ ಕೊಟ್ಟರೂ ಉತ್ತರ ಬರುವುದಿಲ್ಲ.

ನಡುವಿನ ಪದ ಇದ್ದೂ ಋಣ ಸಂಖ್ಯೆ ಬಂದರೆ ಕೋನವನ್ನು ನೋಡಿ. 40° ಎಂದು ತುಂಬಿದರೆ 40 × ಕೊಸೈನ್ 40° = 30.64, ಅದರ ವರ್ಗ 939; ವರ್ಗಮೂಲದೊಳಗೆ ಅದರಿಂದ 4 × 3 × 100 = 1200 ಕಳೆದರೆ ಋಣ. ಬೀಜಗಣಿತ ಸರಿಯಾಗಿದೆ, ಡಿಕ್ಕಿಯೇ ಅಸಾಧ್ಯ. ಭಾರದ ವಸ್ತು ಹಗುರ ನಿಶ್ಚಲ ವಸ್ತುವಿಗೆ ಸ್ಥಿತಿಸ್ಥಾಪಕವಾಗಿ ಬಡಿದಾಗ ಅದು ತಿರುಗಬಹುದಾದ ಗರಿಷ್ಠ ಕೋನಕ್ಕೆ ಮಿತಿಯಿದೆ: ಆ ಕೋನದ ಸೈನ್, ಹಗುರ ವಸ್ತುವಿನ ದ್ರವ್ಯರಾಶಿಯನ್ನು ಭಾರದ್ದರಿಂದ ಭಾಗಿಸಿದಷ್ಟು. ಇಲ್ಲಿ ಅದು ಅರ್ಧ, ಅಂದರೆ 30°. 30° ತುಂಬಿ ನೋಡಿ, ವರ್ಗಮೂಲದೊಳಗೆ ಕರಾರುವಾಕ್ಕಾಗಿ ಸೊನ್ನೆ ಬರುತ್ತದೆ.

ಈ ಮಿತಿಯಿಂದ ಭೌತಶಾಸ್ತ್ರಕ್ಕೆ ದೊಡ್ಡ ಉಪಕಾರವಾಗಿದೆ. ಆಲ್ಫಾ ಕಣ (ಹೀಲಿಯಂ ಪರಮಾಣುವಿನ ಬೀಜ) ಎಲೆಕ್ಟ್ರಾನ್‌ಗಿಂತ ಸುಮಾರು 7300 ಪಟ್ಟು ಭಾರ. ಹಾಗಾಗಿ ಒಂದು ಎಲೆಕ್ಟ್ರಾನ್‌ಗೆ ಬಡಿದ ಆಲ್ಫಾ ಕಣ 0.01°ಯಷ್ಟು ಕೂಡ ತಿರುಗಲಾರದು. 1909ರಲ್ಲಿ ಗೈಗರ್ ಮತ್ತು ಮಾರ್ಸ್‌ಡನ್ ತೆಳು ಲೋಹದ ಹಾಳೆಯಿಂದ ಕೆಲವು ಆಲ್ಫಾ ಕಣಗಳು 90°ಗಿಂತ ಹೆಚ್ಚು ತಿರುಗಿ ವಾಪಸು ಬರುವುದನ್ನು ಕಂಡಾಗ, ಅವು ಬಡಿದದ್ದು ಎಲೆಕ್ಟ್ರಾನ್‌ಗಳಿಗಂತೂ ಅಲ್ಲ ಎಂಬುದು ಸ್ಪಷ್ಟವಿತ್ತು. ಭಾರವಾದ, ಪುಟ್ಟದಾದ ಒಂದು ತಿರುಳು ಪರಮಾಣುವಿನೊಳಗಿದೆ ಎಂದು ರುದರ್‌ಫೋರ್ಡ್ 1911ರಲ್ಲಿ ಮುಂದಿಟ್ಟರು.

ಇದೇ ಸಮೀಕರಣಕ್ಕೆ 20° ತುಂಬಿದರೆ ಇನ್ನೊಂದು ಗೊಂದಲ ಎದುರಾಗುತ್ತದೆ: 8.70 ಮತ್ತು 3.83 ಎಂದು ಎರಡು ಉತ್ತರ, ಎರಡೂ ಧನ. ಒಂದನ್ನು ಗುಟ್ಟಾಗಿ ಹೊಡೆದುಹಾಕುವ ವಿದ್ಯಾರ್ಥಿಗಳೇ ಹೆಚ್ಚು. ಹೊಡೆಯಬೇಡಿ, ಎರಡೂ ನಿಜ. ಗೋಳ ಅಂಚಿಗೆ ಸವರಿಕೊಂಡು ಹೋದರೆ 8.70 ಉಳಿಯುತ್ತದೆ, ಆಗ ಹಗುರ ಗೋಳ 58.4° ಕೋನದಲ್ಲಿ 6.98 ಮೀ/ಸೆ ಜವದಿಂದ ಹೊರಡುತ್ತದೆ. ಹೆಚ್ಚುಕಡಿಮೆ ನೇರವಾಗಿ ಗುದ್ದಿದರೆ 3.83 ಮಾತ್ರ ಉಳಿದು, ಹಗುರ ಗೋಳ ಸುಮಾರು 11.6° ಕೋನದಲ್ಲಿ 13 ಮೀ/ಸೆ ಮೀರಿ ಓಡುತ್ತದೆ. ಯಾವುದು ನಡೆಯಿತು ಎಂದು ಹೇಳಲು ಪ್ರಶ್ನೆಯಲ್ಲಿ ಇನ್ನೊಂದು ಸುಳಿವು ಬೇಕು. ಹಗುರ ವಸ್ತು ಭಾರದ್ದಕ್ಕೆ ಬಡಿಯುವ ಲೆಕ್ಕದಲ್ಲಿ ಮಾತ್ರ ಎರಡರಲ್ಲೊಂದು ಉತ್ತರ ಋಣವಾಗಿ ಬರುತ್ತದೆ. ಜವ ಋಣವಾಗಲಾರದ್ದರಿಂದ ಅದನ್ನು ಧೈರ್ಯವಾಗಿ ಬಿಡಬಹುದು.

ಲಕ್ಷಣ: ಸಮೀಕರಣ ಸಾಲುತ್ತಿಲ್ಲ

ಪುಟಗಟ್ಟಲೆ ಬರೆದು ಕೊನೆಗೆ 0 = 0 ಬಂದರೆ, ಬರೆಯುವ ಮೊದಲು ಎಣಿಸಲಿಲ್ಲ ಎಂದರ್ಥ. ಎರಡು ವಸ್ತು, ತಲಾ ಎರಡು ಘಟಕ, ಒಟ್ಟು ನಾಲ್ಕು ಅಜ್ಞಾತಗಳು. ಸಂವೇಗ ಕೊಡುವುದು ಎರಡು ಸಮೀಕರಣ. ಸ್ಥಿತಿಸ್ಥಾಪಕವಾಗಿದ್ದರೆ ಮೂರನೆಯದು ಶಕ್ತಿಯಿಂದ. ನಾಲ್ಕನೆಯದನ್ನು ಪ್ರಶ್ನೆಯೇ ಕೊಡಬೇಕು; ಸಾಮಾನ್ಯವಾಗಿ ಒಂದು ಕೋನ. ಅಂಟಿಕೊಳ್ಳುವ ಡಿಕ್ಕಿಯಲ್ಲಿ ಮಾತ್ರ ಎರಡು ವೇಗವೂ ಒಂದೇ ಆದ್ದರಿಂದ ಸಂವೇಗವೊಂದೇ ಸಾಕು.

ಕೋನ ಕೊಟ್ಟಿಲ್ಲದಿದ್ದರೆ ‘ನುಣುಪಾದ ಗೋಳಗಳು’ ಎಂಬ ಪದವನ್ನು ಹುಡುಕಿ. ಅದು ಅಲಂಕಾರಕ್ಕೆ ಬರೆದದ್ದಲ್ಲ. ನುಣುಪಾಗಿದ್ದರೆ ಬಲ ಎರಡು ಕೇಂದ್ರಗಳನ್ನು ಸೇರಿಸುವ ರೇಖೆಯಲ್ಲಿ ಮಾತ್ರ ಇರುತ್ತದೆ. ಆ ರೇಖೆಗೆ ಲಂಬವಾದ ಘಟಕ ಎರಡೂ ಗೋಳಗಳಲ್ಲಿ ಮುಂಚಿನಂತೆಯೇ ಉಳಿಯುತ್ತದೆ. ನಿಶ್ಚಲವಾಗಿದ್ದ ಗೋಳ ಆ ರೇಖೆಯಲ್ಲೇ ಹೊರಡುತ್ತದೆ. 3 ಸೆಂ.ಮೀ. ತ್ರಿಜ್ಯದ ಎರಡು ಸಮಾನ ಗೋಳಗಳಿದ್ದು, ಬರುವ ಗೋಳದ ಕೇಂದ್ರದ ದಾರಿ ನಿಂತ ಗೋಳದ ಕೇಂದ್ರದಿಂದ 3 ಸೆಂ.ಮೀ. ಆಚೆ ಹಾದುಹೋಗುವಂತಿದ್ದರೆ, ತಾಗುವ ಕ್ಷಣದಲ್ಲಿ ಕೇಂದ್ರಗಳ ನಡುವಿನ ದೂರ 6. ಕೋನದ ಸೈನ್ 3/6, ಕೋನ 30°. ಡಿಕ್ಕಿ ಸ್ಥಿತಿಸ್ಥಾಪಕವಾದರೆ ನಿಂತ ಗೋಳಕ್ಕೆ ಮೂಲ ಜವದ 0.866 ಭಾಗ 30° ದಿಕ್ಕಿನಲ್ಲಿ, ಬಂದ ಗೋಳಕ್ಕೆ ಅರ್ಧ ಭಾಗ ಇನ್ನೊಂದು ಬದಿಗೆ 60° ದಿಕ್ಕಿನಲ್ಲಿ. ಕಾಣೆಯಾಗಿದ್ದ ನಾಲ್ಕನೇ ಸಮೀಕರಣ ಚಿತ್ರದಲ್ಲೇ ಇತ್ತು.

ಲಕ್ಷಣ: 90° ಆಗಬೇಕಿತ್ತು, ಆಗಲಿಲ್ಲ

ಮೇಲಿನ ಲೆಕ್ಕದಲ್ಲಿ 30 ಮತ್ತು 60 ಕೂಡಿ 90 ಆದದ್ದನ್ನು ನೋಡಿ ಅದನ್ನೇ ನಿಯಮ ಮಾಡಿಕೊಂಡವರು ಬಹಳ. ಇದು ನಿಯಮ ಹೌದು, ಆದರೆ ಷರತ್ತುಗಳಿವೆ: ದ್ರವ್ಯರಾಶಿಗಳು ಸಮ, ಒಂದು ನಿಶ್ಚಲ, ಡಿಕ್ಕಿ ಸ್ಥಿತಿಸ್ಥಾಪಕ. ಹೀಲಿಯಂ ತುಂಬಿದ ಮೇಘ ಕೋಷ್ಠದಲ್ಲಿ (ಕಣಗಳ ಜಾಡು ಹನಿಗಳ ಸಾಲಾಗಿ ಕಾಣುವ ಉಪಕರಣದಲ್ಲಿ) ಆಲ್ಫಾ ಕಣದ ಜಾಡು ಕವಲೊಡೆದಾಗ ಕವಲುಗಳು ಲಂಬವಾಗಿರುತ್ತವೆ, ಏಕೆಂದರೆ ಆಲ್ಫಾ ಕಣವೇ ಹೀಲಿಯಂನ ಬೀಜ. ಬೆಳಕಿನ ವೇಗಕ್ಕೆ ಹತ್ತಿರವಾದ ಪ್ರೋಟಾನ್‌ಗಳಲ್ಲಿ ದ್ರವ್ಯರಾಶಿ ಸಮವಿದ್ದರೂ ಕೋನ 90°ಗಿಂತ ಕಡಿಮೆ. ಬಿಲಿಯರ್ಡ್ಸ್ ಮೇಜಿನ ಮೇಲೆ ಉರುಳುತ್ತಾ ಬಂದ ಚೆಂಡು ಡಿಕ್ಕಿಯ ನಂತರವೂ ತನ್ನ ತಿರುಗುವಿಕೆಯನ್ನು ಉಳಿಸಿಕೊಂಡಿರುತ್ತದೆ. ಬಟ್ಟೆಯ ಘರ್ಷಣೆಯಿಂದ ಅದರ ದಾರಿ ಮುಂದಕ್ಕೆ ಬಾಗುತ್ತದೆ. ನೋಡುವವರಿಗೆ 90° ಕಾಣುವುದಿಲ್ಲ.

ಸ್ಥಿತಿಸ್ಥಾಪಕ ಡಿಕ್ಕಿಗಳಿಗೆ ಇದಕ್ಕಿಂತ ಗಟ್ಟಿಯಾದ ಪರೀಕ್ಷೆಯೊಂದಿದೆ, ದ್ರವ್ಯರಾಶಿ ಏನೇ ಇರಲಿ ನಡೆಯುತ್ತದೆ. ಎರಡೂ ವೇಗಗಳ ಬಾಣಗಳನ್ನು ಒಂದೇ ಬಿಂದುವಿನಿಂದ ಎಳೆಯಿರಿ. ತುದಿಯಿಂದ ತುದಿಗೆ ಇರುವ ದೂರ ಡಿಕ್ಕಿಯ ಮುಂಚೆ ಎಷ್ಟಿತ್ತೋ ನಂತರವೂ ಅಷ್ಟೇ ಇರಬೇಕು. 1 ಕೆ.ಜಿ.ಯ ಚೆಂಡು 6 ಮೀ/ಸೆ ಜವದಲ್ಲಿ ನಿಶ್ಚಲವಾದ 2 ಕೆ.ಜಿ.ಯ ಚೆಂಡಿಗೆ ಬಡಿದು 90° ತಿರುಗಿದರೆ, ಎರಡರ ಜವವೂ 3.46, ಭಾರದ್ದು ಕೆಳಕ್ಕೆ 30° ಹೋಗುತ್ತದೆ. ಘಟಕಗಳು (0, 3.46) ಮತ್ತು (3, −1.73). ವ್ಯತ್ಯಾಸ 3 ಮತ್ತು 5.19, ಪರಿಮಾಣ 6. ಶಕ್ತಿಯನ್ನು ಮತ್ತೆ ಲೆಕ್ಕ ಹಾಕುವುದಕ್ಕಿಂತ ಇದು ಬೇಗ ಮುಗಿಯುತ್ತದೆ.

ಲಕ್ಷಣ: ಎಲ್ಲ ಸರಿಯಾಗಿ ಮಾಡಿದರೂ ಉತ್ತರ ಬೇರೆ

ನಿಯಮವೇ ಸಲ್ಲದ ಕಡೆ ಅದನ್ನು ಹಾಕಿದ್ದೀರಾ ನೋಡಿ. ನುಣುಪಾದ ನೆಲಕ್ಕೆ ಓರೆಯಾಗಿ ಬಡಿದು ಪುಟಿಯುವ ಚೆಂಡಿನ ಅಡ್ಡ ದಿಕ್ಕಿನ ಸಂವೇಗ ಉಳಿಯುತ್ತದೆ, ಲಂಬ ದಿಕ್ಕಿನದು ಉಳಿಯುವುದಿಲ್ಲ, ನೆಲ ತಳ್ಳುತ್ತದೆ. ಎರಡು ದಿಕ್ಕುಗಳು ಎರಡು ಪ್ರತ್ಯೇಕ ಖಾತೆಗಳು. ಒಂದರಲ್ಲಿ ಹೊರಗಿನವರು ಕೈಹಾಕಿದರೆ ಇನ್ನೊಂದು ಕೆಡುವುದಿಲ್ಲ.

ಇನ್ನೊಂದು, ಕ್ಷಣದ ಗೊಂದಲ. ಸಂವೇಗದ ಸಮೀಕರಣ ಜೋಡಿಸುವುದು ಡಿಕ್ಕಿಯ ತೀರ ಮುಂಚಿನ ಕ್ಷಣವನ್ನು ತೀರ ನಂತರದ ಕ್ಷಣಕ್ಕೆ. ಮೊದಲಿನ ಕಾರು ಮತ್ತು ವ್ಯಾನು 10 ಮೀ/ಸೆ ಜವದಲ್ಲಿ ಹೊರಟು, ಘರ್ಷಣಾ ಗುಣಾಂಕ 0.7 ಇರುವ ರಸ್ತೆಯಲ್ಲಿ ಚಕ್ರ ಬಿಗಿದು ಜಾರಿದರೆ ಸುಮಾರು 7.3 ಮೀಟರ್‌ಗೆ ನಿಲ್ಲುತ್ತವೆ. ಆ ಜಾರುವಿಕೆಗೆ ಘರ್ಷಣೆಯ ಲೆಕ್ಕ, ಡಿಕ್ಕಿಗೆ ಸಂವೇಗದ ಲೆಕ್ಕ. ಚಾಲಕ ಬ್ರೇಕ್ ಒತ್ತುವ ಮುಂಚಿನ ವೇಗವನ್ನು ಡಿಕ್ಕಿಯ ಸಮೀಕರಣಕ್ಕೆ ತುಂಬಿದರೆ ಎರಡೂ ಕೆಡುತ್ತವೆ.

ಲಕ್ಷಣ: ಸಂವೇಗ ಹೊಂದುತ್ತದೆ, ಶಕ್ತಿ ಹೆಚ್ಚಾಗಿದೆ

2 ಕೆ.ಜಿ.ಯ ವಸ್ತು 6 ಮೀ/ಸೆ ಜವದಲ್ಲಿ ಬಂದು ನಿಶ್ಚಲವಾದ 4 ಕೆ.ಜಿ.ಯ ವಸ್ತುವಿಗೆ ಬಡಿದು, 53.1° ಕೋನದಲ್ಲಿ 5 ಮೀ/ಸೆ ಜವದಿಂದ ಹೊರಟಿತು. ಎರಡನೆಯದರ ವೇಗ ಕಂಡುಹಿಡಿಯಿರಿ ಎಂಬ ಪ್ರಶ್ನೆ ಬಂತೆನ್ನಿ. ಮೊದಲನೆಯದರ ಸಂವೇಗದ ಘಟಕಗಳು 6 ಮತ್ತು 8. ಮೂಲ ಸಂವೇಗ 12 ಮತ್ತು 0. ಎರಡನೆಯದಕ್ಕೆ ಉಳಿಯುವುದು 6 ಮತ್ತು −8, ಜವ 2.5 ಮೀ/ಸೆ. ಎಲ್ಲ ಅಚ್ಚುಕಟ್ಟು. ಆದರೆ ಚಲನ ಶಕ್ತಿ ಮುಂಚೆ 36 ಜೂಲ್, ನಂತರ 25 ಮತ್ತು 12.5 ಸೇರಿ 37.5.

ಎರಡು ಸಲ ಪರಿಶೀಲಿಸಿದರೂ ತಪ್ಪು ಸಿಗದಿದ್ದರೆ ಮೂರನೇ ಸಲ ಹುಡುಕಬೇಡಿ. ನಡುವೆ ಸ್ಪ್ರಿಂಗ್ ಅಥವಾ ಸ್ಫೋಟಕವಿದೆ ಎಂದು ಪ್ರಶ್ನೆ ಹೇಳದಿದ್ದರೆ ದೋಷ ಪ್ರಶ್ನೆಯದೇ. ಅದನ್ನು ತೋರಿಸುವುದೂ ಸುಲಭ: ಎರಡನೆಯದರ ಸಂವೇಗ 10, ಆದ್ದರಿಂದ ಅದರ ಚಲನ ಶಕ್ತಿ 50 ಭಾಗಿಸು ದ್ರವ್ಯರಾಶಿ. ಅದು 11 ಜೂಲ್ ಮೀರಬಾರದು, ಅಂದರೆ ದ್ರವ್ಯರಾಶಿ ಕನಿಷ್ಠ 4.55 ಕೆ.ಜಿ. ಇರಬೇಕಿತ್ತು. 5 ಇರಬೇಕಾದ ಕಡೆ 4 ಅಚ್ಚಾಗಿರಬಹುದು. 5 ಇಟ್ಟು ನೋಡಿದರೆ ಜವ ಸರಿಯಾಗಿ 2 ಮೀ/ಸೆ, ಒಟ್ಟು ಶಕ್ತಿ 35 ಜೂಲ್. ಸಂವೇಗದ ಉತ್ತರವನ್ನು ಬರೆದು, ಅದರ ಕೆಳಗೆ ಈ ಎರಡು ಸಾಲನ್ನೂ ಬರೆದಿಡಿ.